ಒಂಟೆಯ ಮೂಗಿನಲ್ಲಿ ಬದಲಾಗುತ್ತಿರುವ ಕೊರೊನಾ: ಪದೇ ಪದೇ ಕೇಳುವ ಪ್ರಶ್ನೆಗಳು

ಭಟ್ಕಳ, ಮಂಗಳೂರು, ಉಡುಪಿಯ ಕಡೆ ಗಲ್ಫ್ ದೇಶಗಳೊಂದಿಗೆ ನಂಟಿಲ್ಲದ ಬೀದಿ ಸಿಗುವುದು ಕಷ್ಟ. ಒಬ್ಬರ ಮಗಳು ರಿಯಾದ್‌ನ ಆಸ್ಪತ್ರೆಯಲ್ಲಿ ನರ್ಸ್, ಇನ್ನೊಬ್ಬರ ಅಣ್ಣ ದೋಹಾದಲ್ಲಿ ಚಾಲಕ, ಮತ್ತೊಬ್ಬರ ತಾಯಿ ಈ ವರ್ಷ ಹಜ್ ಯಾತ್ರೆಗೆ ಹೊರಟಿದ್ದಾರೆ. ‘ಒಂಟೆ ಜ್ವರ’ದ ಸುದ್ದಿ ಬಂದಾಗಲೆಲ್ಲ ಇವರೆಲ್ಲ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ಅವುಗಳ ಜೊತೆಗೆ, ಜನ ಕೇಳದಿದ್ದರೂ ಕೇಳಲೇಬೇಕು ಎಂದು ನನಗೆ ಅನ್ನಿಸಿದ ಕೆಲವನ್ನೂ ಸೇರಿಸಿ ಇಲ್ಲಿ ಉತ್ತರಿಸಿದ್ದೇನೆ.

ಇದು ಕೋವಿಡ್ ವೈರಾಣುವೇ?

ಅಲ್ಲ. ಎರಡೂ ಕೊರೊನಾ ವೈರಾಣುಗಳ ಕುಟುಂಬಕ್ಕೆ ಸೇರಿದವು, ಆದರೆ ದೂರದ ದಾಯಾದಿಗಳು. ಒಂಟೆಗಳಲ್ಲಿ ಇರುವುದು ಮೆರ್ಸ್, ಅಂದರೆ ಮಧ್ಯಪ್ರಾಚ್ಯದ ಉಸಿರಾಟದ ಕಾಯಿಲೆಯ ವೈರಾಣು. ನಮ್ಮ ಜೀವಕೋಶದೊಳಕ್ಕೆ ನುಗ್ಗಲು ಕೋವಿಡ್ ವೈರಾಣು ಎಸಿಇ2 ಎಂಬ ಬಾಗಿಲನ್ನು ಬಳಸುತ್ತದೆ. ಮೆರ್ಸ್ ಬಳಸುವುದು ಡಿಪಿಪಿ4 ಎಂಬ ಬೇರೆಯದೇ ಬಾಗಿಲನ್ನು. 2012ರಿಂದ ಈವರೆಗೆ 27 ದೇಶಗಳಲ್ಲಿ 2,600ಕ್ಕೂ ಹೆಚ್ಚು ಜನರಿಗೆ ಮೆರ್ಸ್ ತಗುಲಿದ್ದು ದೃಢಪಟ್ಟಿದೆ. ಅವರಲ್ಲಿ 940ಕ್ಕೂ ಹೆಚ್ಚು ಮಂದಿ ತೀರಿಕೊಂಡಿದ್ದಾರೆ. ಹತ್ತರಲ್ಲಿ ಎಂಟಕ್ಕೂ ಹೆಚ್ಚು ಪ್ರಕರಣಗಳು ಸೌದಿ ಅರೇಬಿಯಾದವು. ಲಕ್ಷಣವಿಲ್ಲದ ಸೋಂಕುಗಳು ಲೆಕ್ಕಕ್ಕೆ ಸಿಗುವುದಿಲ್ಲವಾದ್ದರಿಂದ ಸಾವಿನ ಪ್ರಮಾಣ ಇದ್ದದ್ದಕ್ಕಿಂತ ಹೆಚ್ಚಾಗಿ ಕಾಣುತ್ತದೆ ಎಂಬುದೂ ನೆನಪಿರಲಿ.

ಮೊದಲು ಪತ್ತೆಯಾದದ್ದು ಹೇಗೆ?

2012ರ ಜೂನ್‌ನಲ್ಲಿ ಜೆಡ್ಡಾದ ಖಾಸಗಿ ಆಸ್ಪತ್ರೆಯೊಂದಕ್ಕೆ 60 ವರ್ಷದ ವ್ಯಕ್ತಿಯೊಬ್ಬರು ತೀವ್ರ ನ್ಯುಮೋನಿಯಾದಿಂದ ದಾಖಲಾಗಿ ತೀರಿಕೊಂಡರು. ಅಲ್ಲಿದ್ದ ಈಜಿಪ್ಟಿನ ವೈರಾಣು ತಜ್ಞ ಅಲಿ ಮೊಹಮದ್ ಝಕಿ ಅವರಿಗೆ ಆ ಕಫದಲ್ಲಿ ಗೊತ್ತಿರುವ ಯಾವ ವೈರಾಣುವೂ ಸಿಗಲಿಲ್ಲ. ಅವರು ಮಾದರಿಯನ್ನು ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿರುವ ಎರಾಸ್ಮಸ್ ವೈದ್ಯಕೀಯ ಕೇಂದ್ರಕ್ಕೆ ಕಳುಹಿಸಿದರು. ಅದು ಹೊಸ ಕೊರೊನಾ ವೈರಾಣು ಎಂದು ಖಚಿತವಾದ ಮೇಲೆ ಸೆಪ್ಟೆಂಬರ್ 20ರಂದು ಜಗತ್ತಿನ ವೈದ್ಯರಿಗೆಲ್ಲ ತಿಳಿಯುವಂತೆ ಪ್ರಕಟಿಸಿದರು. ಆಮೇಲೆ ಹಿಂದಿರುಗಿ ಹುಡುಕಿದಾಗ, ಅದೇ ವರ್ಷದ ಏಪ್ರಿಲ್‌ನಲ್ಲಿ ಜೋರ್ಡಾನಿನ ಝರ್ಕಾ ಪಟ್ಟಣದ ಆಸ್ಪತ್ರೆಯಲ್ಲಿ ಹಬ್ಬಿದ್ದ ನ್ಯುಮೋನಿಯಾಕ್ಕೂ ಇದೇ ಕಾರಣ ಎಂದು ತಿಳಿಯಿತು.

ಒಂಟೆಯಿಂದಲೇ ಬಂದಿತು ಎನ್ನಲು ಏನು ಆಧಾರ?

ಮೊದಲ ಸುಳಿವು ಸಿಕ್ಕಿದ್ದು ರಕ್ತದಲ್ಲಿ. 2013ರಲ್ಲಿ ಒಮಾನ್‌ನ 50 ಒಂಟೆಗಳ ರಕ್ತಸಾರ ಪರೀಕ್ಷಿಸಿದಾಗ ಐವತ್ತರಲ್ಲಿ ಐವತ್ತಕ್ಕೂ ಮೆರ್ಸ್ ವಿರುದ್ಧದ ಪ್ರತಿಕಾಯಗಳಿದ್ದವು. ಹೋಲಿಕೆಗೆಂದು ಪರೀಕ್ಷಿಸಿದ ದನ, ಕುರಿ, ಮೇಕೆಗಳಲ್ಲಿ ಇರಲಿಲ್ಲ. ಆದರೆ ಪ್ರತಿಕಾಯ ಹೇಳುವುದು ‘ಹಿಂದೆಂದೋ ಸೋಂಕಾಗಿತ್ತು’ ಎಂದಷ್ಟೇ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕತಾರ್‌ನ ಒಂದು ಸಾಕಣೆ ಕೇಂದ್ರದಲ್ಲಿ ಇಬ್ಬರಿಗೆ ಸೋಂಕು ತಗುಲಿದಾಗ ಅಲ್ಲಿನ ಒಂಟೆಗಳ ಮೂಗಿನಲ್ಲೇ ವೈರಾಣು ಸಿಕ್ಕಿತು.

ಎಲ್ಲಕ್ಕಿಂತ ಗಟ್ಟಿಯಾದ ಪುರಾವೆ ಜೆಡ್ಡಾದ ಒಂದು ಸಾವು. ಒಂಬತ್ತು ಒಂಟೆ ಸಾಕಿದ್ದ 44 ವರ್ಷದ ಆರೋಗ್ಯವಂತ ವ್ಯಕ್ತಿ. ಕೆಲವು ಒಂಟೆಗಳಿಗೆ ಮೂಗು ಸೋರುತ್ತಿತ್ತು. ಅವುಗಳಲ್ಲೊಂದರ ಮೂಗಿಗೆ ಆತ ತನ್ನ ಕೈಯಾರೆ ಔಷಧ ಹಚ್ಚಿದ್ದರು. ವಾರದೊಳಗೆ ಕಾಯಿಲೆ ಬಿದ್ದು, 2013ರ ನವೆಂಬರ್‌ನಲ್ಲಿ ತೀರಿಕೊಂಡರು. ಆತನ ದೇಹದಲ್ಲಿದ್ದ ವೈರಾಣುವಿನ ವಂಶವಾಹಿ ಬರಹವೂ ಒಂಟೆಯ ಮೂಗಿನಲ್ಲಿದ್ದದ್ದೂ ಒಂದೇ ಆಗಿದ್ದವು. ಸಾಕಿದ ಪ್ರಾಣಿಗೆ ಶುಶ್ರೂಷೆ ಮಾಡಲು ಹೋಗಿ ಜೀವ ಕಳೆದುಕೊಂಡ ಆ ಮನುಷ್ಯನ ನೆನಪು ಈ ವಿಷಯ ಓದುವಾಗಲೆಲ್ಲ ನನ್ನನ್ನು ಕಾಡುತ್ತದೆ.

ಅಂದರೆ 2012ರಲ್ಲಿ ಹುಟ್ಟಿದ ವೈರಾಣುವೇ ಇದು?

ನಾವು ಅದನ್ನು ನೋಡಿದ್ದು 2012ರಲ್ಲಿ. ಒಂಟೆಗಳಿಗೆ ಅದು ಹಳೆಯ ಪರಿಚಯ. ಯಾವುದೋ ಬೇರೆ ಕಾರಣಕ್ಕೆ ದಶಕಗಳ ಹಿಂದೆ ಸಂಗ್ರಹಿಸಿ ಶೀತಪೆಟ್ಟಿಗೆಗಳಲ್ಲಿ ಇಟ್ಟಿದ್ದ ರಕ್ತಸಾರಗಳನ್ನು ವಿಜ್ಞಾನಿಗಳು ಹೊರತೆಗೆದರು. ಸೊಮಾಲಿಯಾ, ಸುಡಾನ್, ಈಜಿಪ್ಟ್‌ನ 1983ರಿಂದ 1997ರವರೆಗಿನ ಮಾದರಿಗಳಲ್ಲಿ ನೂರಕ್ಕೆ 81ರಷ್ಟರಲ್ಲಿ ಪ್ರತಿಕಾಯ ಇತ್ತು. ಸೌದಿಯ 1992ರ ಮಾದರಿಗಳಲ್ಲೂ ಇತ್ತು. ನಮ್ಮ ಕಣ್ಣಿಗೆ ಬೀಳುವ ಮೊದಲೇ ಹೆಚ್ಚುಕಡಿಮೆ 30 ವರ್ಷ ಈ ವೈರಾಣು ಒಂಟೆಗಳಲ್ಲಿ ಓಡಾಡಿಕೊಂಡಿತ್ತು. ಆ ಕಾಲದಲ್ಲಿ ‘ಕಾರಣ ತಿಳಿಯದ ನ್ಯುಮೋನಿಯಾ’ ಎಂದು ದಾಖಲಾದ ಸಾವುಗಳಲ್ಲಿ ಕೆಲವು ಇದರದ್ದೇ ಆಗಿದ್ದಿರಬಹುದು.

ಬಾವಲಿಗಳ ಪಾತ್ರ ಏನು?

ಬಹುಶಃ ಅಜ್ಜಿಯ ಪಾತ್ರ. ಹಾಂಗ್‌ಕಾಂಗ್ ಪ್ರದೇಶದ ಬಾವಲಿಗಳಲ್ಲಿ ಮೆರ್ಸ್‌ನ ಸಂಬಂಧಿಗಳಾದ ಎಚ್‌ಕೆಯು4, ಎಚ್‌ಕೆಯು5 ವೈರಾಣುಗಳು ಮೊದಲೇ ಸಿಕ್ಕಿದ್ದವು. ದಕ್ಷಿಣ ಆಫ್ರಿಕಾದ ಒಂದು ಬಾವಲಿಯಲ್ಲಿ ಸಿಕ್ಕ ನಿಯೋಕೋವ್ ವೈರಾಣುವಿನ ವಂಶವಾಹಿ ಬರಹ ಮೆರ್ಸ್ ಜೊತೆ ನೂರಕ್ಕೆ ಸುಮಾರು 85ರಷ್ಟು ಹೊಂದುತ್ತದೆ. ವಿಚಿತ್ರವೆಂದರೆ, ಇಷ್ಟು ಹತ್ತಿರವಿದ್ದರೂ ನಿಯೋಕೋವ್ ಬಳಸುವುದು ಬಾವಲಿಯ ಎಸಿಇ2 ಬಾಗಿಲನ್ನು, ಡಿಪಿಪಿ4 ಅನ್ನು ಅಲ್ಲ. ಇದು 2022ರಲ್ಲಿ ಗೊತ್ತಾಯಿತು. ಅಂದರೆ ಮೆರ್ಸ್‌ನ ದೇಹದ ಬಹುಪಾಲು ಒಂದು ಮನೆತನದ್ದು, ಬಾಗಿಲು ತೆರೆಯುವ ಮುಳ್ಳು ಪ್ರೋಟೀನಿನ ಮುಖ್ಯ ಭಾಗ ಇನ್ನೊಂದು ಮನೆತನದ್ದು. ಹೀಗೆ ಎರಡು ಬೆರೆತದ್ದು ಎಲ್ಲಿ, ಯಾವ ಪ್ರಾಣಿಯಲ್ಲಿ ಎಂಬುದು ಇನ್ನೂ ಬಿಡಿಸದ ಗಂಟು. ಆದರೆ ಇವತ್ತು ಮನುಷ್ಯನಿಗೆ ಸೋಂಕು ದಾಟಿಸುತ್ತಿರುವುದು ಒಂಟೆಯೇ.

ವಂಶವಾಹಿ ಬದಲಾಗುವುದು ಎಂದರೇನು? ವಿಜ್ಞಾನ ಓದದವರಿಗೂ ತಿಳಿಯುವಂತೆ ಹೇಳಿ.

ಓಲೆಗರಿಯ ಕಾಲವನ್ನು ನೆನೆಯಿರಿ. ಒಂದು ಕಾವ್ಯವನ್ನು ಒಬ್ಬ ಲಿಪಿಕಾರ ಪ್ರತಿ ಮಾಡುತ್ತಾನೆ. ಎಲ್ಲೋ ಒಂದು ಅಕ್ಷರ ತಪ್ಪುತ್ತದೆ. ಆ ಪ್ರತಿಯಿಂದ ಇನ್ನೊಬ್ಬ ಬರೆದಾಗ ಹಳೆಯ ತಪ್ಪು ಉಳಿದು, ಹೊಸದೊಂದು ಸೇರುತ್ತದೆ. ನೂರಾರು ವರ್ಷಗಳ ನಂತರ ಗ್ರಂಥಸಂಪಾದಕರು ನಾಲ್ಕಾರು ಊರುಗಳ ಪ್ರತಿಗಳನ್ನು ಎದುರಿಗಿಟ್ಟುಕೊಂಡು, ಒಂದೇ ತಪ್ಪನ್ನು ಹಂಚಿಕೊಂಡಿರುವ ಪ್ರತಿಗಳು ಒಂದೇ ಮೂಲದಿಂದ ಬಂದವು ಎಂದು ಗುರುತಿಸಿ ಪ್ರತಿಗಳ ವಂಶವೃಕ್ಷ ಬರೆಯುತ್ತಾರೆ.

ವೈರಾಣುವಿನ ಅಧ್ಯಯನವೂ ಇದೇ ಜಾಡಿನದು. ಮೆರ್ಸ್‌ನದು ಸುಮಾರು 30 ಸಾವಿರ ಅಕ್ಷರಗಳ ಆರ್‌ಎನ್‌ಎ ಬರಹ. ಜೀವಕೋಶದೊಳಗೆ ಪ್ರತಿಯಾಗುವಾಗ ತಪ್ಪುಗಳು ನುಸುಳುತ್ತವೆ. ಕೊರೊನಾ ವೈರಾಣುಗಳ ವಿಶೇಷವೆಂದರೆ ಅವುಗಳ ಬಳಿ ಕರಡು ತಿದ್ದುವ ಒಂದು ಕಿಣ್ವವಿದೆ. ಫ್ಲೂ ವೈರಾಣುವಿಗೆ ಆ ಸೌಲಭ್ಯ ಇಲ್ಲ. ಹಾಗಿದ್ದೂ ಒಂದು ವರ್ಷದಲ್ಲಿ ಸಾವಿರ ಅಕ್ಷರಗಳಿಗೆ ಹೆಚ್ಚುಕಡಿಮೆ ಒಂದರಂತೆ ತಪ್ಪು ಉಳಿದುಕೊಳ್ಳುತ್ತದೆ. ಇಡೀ ಬರಹಕ್ಕೆ ಲೆಕ್ಕ ಹಾಕಿದರೆ ವರ್ಷಕ್ಕೆ ಮೂವತ್ತರ ಆಸುಪಾಸು. ಬಹುಪಾಲು ತಪ್ಪುಗಳಿಂದ ಏನೂ ಆಗುವುದಿಲ್ಲ. ಕೆಲವು ವೈರಾಣುವಿಗೇ ಮಾರಕ. ಅಪರೂಪಕ್ಕೆ ಒಂದು ಅನುಕೂಲವಾಗಿ ಬೀಳುತ್ತದೆ.

ಒಂದೊಂದೇ ಅಕ್ಷರ ಬದಲಾಗುವುದಾದರೆ ಭಯಪಡುವಂಥದ್ದು ಏನಿದೆ?

ಅಕ್ಷರದೋಷಕ್ಕಿಂತ ದೊಡ್ಡ ಬದಲಾವಣೆ ಇನ್ನೊಂದಿದೆ. ಲಿಪಿಕಾರನ ಮುಂದೆ ಎರಡು ಊರಿನ ಎರಡು ಪ್ರತಿಗಳಿವೆ ಎಂದುಕೊಳ್ಳಿ. ಅರ್ಧ ಕಾವ್ಯವನ್ನು ಒಂದರಿಂದ, ಉಳಿದರ್ಧವನ್ನು ಇನ್ನೊಂದರಿಂದ ಬರೆದುಬಿಟ್ಟರೆ? ಒಂದೇ ಒಂಟೆಗೆ ಏಕಕಾಲಕ್ಕೆ ಎರಡು ಬಗೆಯ ಮೆರ್ಸ್ ತಗುಲಿದಾಗ ನಡೆಯುವುದು ಇದೇ. ಪ್ರತಿ ಮಾಡುವ ಕಿಣ್ವ ಒಂದು ಎಳೆಯಿಂದ ಇನ್ನೊಂದು ಎಳೆಗೆ ಜಿಗಿಯುತ್ತದೆ. ಇದನ್ನು ಮರುಸಂಯೋಜನೆ ಎನ್ನುತ್ತಾರೆ.

ಇದು ನಿಜಕ್ಕೂ ನಡೆದದ್ದನ್ನು ಹಿಡಿದು ತೋರಿಸಿದ ಅಧ್ಯಯನ ಸೌದಿಯದು. 2014ರ ಮೇ ತಿಂಗಳಿಂದ 2015ರ ಏಪ್ರಿಲ್‌ವರೆಗೆ 1,300ಕ್ಕೂ ಹೆಚ್ಚು ಒಂಟೆಗಳ ಮೂಗಿನ ಮಾದರಿ ಸಂಗ್ರಹಿಸಲಾಯಿತು. ನೂರರಲ್ಲಿ ಸುಮಾರು 12ರಲ್ಲಿ ಮೆರ್ಸ್ ಇತ್ತು. ಜೊತೆಗೆ ಇನ್ನೆರಡು ಜಾತಿಯ ಕೊರೊನಾ ವೈರಾಣುಗಳೂ ಅದೇ ಒಂಟೆಗಳಲ್ಲಿ ಸುತ್ತುತ್ತಿದ್ದವು. ಮೆರ್ಸ್‌ನಲ್ಲೇ ಐದು ವಂಶಾವಳಿಗಳು ಕಂಡವು. ಅವುಗಳಲ್ಲಿ ಐದನೆಯದು ಬೇರೆ ವಂಶಾವಳಿಗಳ ತುಣುಕುಗಳು ಕೂಡಿ ಆದ ಕಸಿ. 2014ರ ಡಿಸೆಂಬರ್ ಹೊತ್ತಿಗೆ ಅದು ಉಳಿದವನ್ನು ಹಿಂದಿಕ್ಕಿ ಸೌದಿಯ ಒಂಟೆಗಳಲ್ಲಿ ಮೇಲುಗೈ ಸಾಧಿಸಿತ್ತು. 2015ರಲ್ಲಿ ರಿಯಾದ್‌ನಲ್ಲೂ ದಕ್ಷಿಣ ಕೊರಿಯಾದಲ್ಲೂ ಜನರನ್ನು ಕೆಡವಿದ್ದು ಇದೇ ಐದನೆಯ ವಂಶಾವಳಿ. ಮುಂದೆ 2021ರಲ್ಲಿ ಪ್ರಯೋಗಾಲಯದಲ್ಲಿ ಹೋಲಿಸಿದಾಗ, ಅದು ತನ್ನ ಸಂಬಂಧಿಗಳಿಗಿಂತ ಚುರುಕಾಗಿ ವೃದ್ಧಿಯಾಗುತ್ತದೆ ಎಂಬುದೂ ಕಂಡುಬಂತು.

ಕೊರಿಯಾದ ಆಸ್ಪತ್ರೆಗಳಲ್ಲಿ ಜನ ಸಾಯಲು ಆರಂಭಿಸುವ ತಿಂಗಳುಗಳ ಮೊದಲೇ ಆ ವಂಶಾವಳಿ ಒಂಟೆಗಳ ಮೂಗಿನಲ್ಲಿ ಗೆದ್ದು ಕುಳಿತಿತ್ತು. ಈ ಪುಟದಲ್ಲಿ ಒಂದೇ ಸಂಗತಿ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ.

ಎ, ಬಿ, ಸಿ ಕವಲುಗಳು ಎಂದು ಓದಿದೆ. ಏನವು?

ಮೆರ್ಸ್ ವಂಶವೃಕ್ಷದ ದೊಡ್ಡ ಕೊಂಬೆಗಳು. ಜೆಡ್ಡಾದ ಮೊದಲ ರೋಗಿಯ ಮತ್ತು ಜೋರ್ಡಾನಿನ ವೈರಾಣುಗಳು ಎ ಕವಲಿನವು. ಆಮೇಲೆ ಅದರ ಸುಳಿವು ಹೆಚ್ಚುಕಡಿಮೆ ಇಲ್ಲವಾಯಿತು. ಅರೇಬಿಯಾ ಪರ್ಯಾಯ ದ್ವೀಪದಲ್ಲಿ ಈಗ ಇರುವುದು ಬಿ ಕವಲು. ಆಫ್ರಿಕಾದ ಒಂಟೆಗಳಲ್ಲಿ ಇರುವುದು ಸಿ ಕವಲು.

ಸಿ ಕವಲಿನೊಳಗೂ ಊರಿಗೊಂದು ಪಾಠಾಂತರ. ಬುರ್ಕಿನಾ ಫಾಸೊ, ನೈಜೀರಿಯಾ, ಮೊರಾಕೊ ಕಡೆಯವು ಒಂದು ಗುಂಪು, ಇಥಿಯೋಪಿಯಾ ಮತ್ತು ಕೀನ್ಯಾದಂಥ ಪೂರ್ವ ಆಫ್ರಿಕಾದವು ಇನ್ನೊಂದು. ಪಶ್ಚಿಮದ ಗುಂಪಿನಲ್ಲಿ 4ಬಿ ಎಂಬ ವಂಶವಾಹಿಯಿಂದ ಒಂದು ತುಂಡೇ ಕಳಚಿ ಬಿದ್ದಿದೆ. ಸೋಂಕಾದ ತಕ್ಷಣ ದೇಹ ಎತ್ತುವ ಮೊದಲ ಎಚ್ಚರಿಕೆಯ ಕೂಗನ್ನು ಅದುಮುವುದು ಈ 4ಬಿ ಪ್ರೋಟೀನಿನ ಕೆಲಸ. ಅದು ಊನವಾದರೆ ವೈರಾಣುವಿಗೆ ಒಂದು ಆಯುಧ ಕಡಿಮೆಯಾದಂತೆ. ಮನುಷ್ಯರ ಶ್ವಾಸಕೋಶದ ಅಂಗಾಂಶದಲ್ಲಿ ಬೆಳೆಸಿದಾಗ ಈ ವೈರಾಣುಗಳು ಮಂದವಾಗಿ ವೃದ್ಧಿಯಾದವು.

ಆಫ್ರಿಕಾದಲ್ಲೇ ಹೆಚ್ಚು ಒಂಟೆಗಳಿವೆಯಲ್ಲ? ಅಲ್ಲಿನ ಜನರಿಗೆ ಈ ಕಾಯಿಲೆ ಏಕೆ ಕಾಣುವುದಿಲ್ಲ?

ಮೆರ್ಸ್ ತಗುಲಿದ ಒಂಟೆಗಳಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಆಫ್ರಿಕಾದಲ್ಲೇ ಇವೆ. ಆದರೂ ಅಲ್ಲಿ ಒಂಟೆಯಿಂದ ಮನುಷ್ಯನಿಗೆ ತಗುಲಿ ತೀವ್ರವಾದ ಪ್ರಕರಣಗಳು ಬೆಳಕಿಗೆ ಬರುವುದಿಲ್ಲ. ಸಿ ಕವಲಿನ ವೈರಾಣುಗಳೇ ಮನುಷ್ಯನ ಶ್ವಾಸಕೋಶಕ್ಕೆ ಅಷ್ಟಾಗಿ ಒಗ್ಗಿಲ್ಲ ಎಂಬುದು ಒಂದು ಕಾರಣ. ಇಲಿಗಳಲ್ಲಿ ಮಾಡಿದ ಪ್ರಯೋಗಗಳೂ ಅದನ್ನೇ ಹೇಳುತ್ತವೆ. ಪರೀಕ್ಷೆಯ ಕೊರತೆ ಎರಡನೆಯ ಕಾರಣ. ಕೀನ್ಯಾದಲ್ಲಿ ಒಂಟೆ ಕಾಯುವವರನ್ನು ಬೆನ್ನುಬಿಡದೆ ಪರೀಕ್ಷಿಸಿದಾಗ ಮೂವರಲ್ಲಿ ವೈರಾಣು ಸಿಕ್ಕಿತು. ಮೂವರಿಗೂ ಕಾಯಿಲೆಯ ಲಕ್ಷಣವೇ ಇರಲಿಲ್ಲ. ಅರಬ್ ದೇಶಗಳಲ್ಲಿ ಸಾಯುವವರು ಬಹುತೇಕ ವಯಸ್ಸಾದವರು, ಸಕ್ಕರೆ ಕಾಯಿಲೆ ಅಥವಾ ಮೂತ್ರಪಿಂಡದ ತೊಂದರೆ ಇದ್ದವರು. ಆಫ್ರಿಕಾದ ಕಾವಲುಗಳಲ್ಲಿ ಒಂಟೆಯ ಹಿಂದೆ ನಡೆಯುವವರು ಹೆಚ್ಚಾಗಿ ಎಳೆಯರು.

ನನಗೆ ಆತಂಕ ಹುಟ್ಟಿಸುವುದು ಇನ್ನೊಂದು ವಿಚಾರ. ಸೊಮಾಲಿಯಾ, ಸುಡಾನ್‌ಗಳಿಂದ ಒಂಟೆಗಳು ಕೆಂಪು ಸಮುದ್ರ ದಾಟಿ ಸೌದಿಗೆ ದೊಡ್ಡ ಸಂಖ್ಯೆಯಲ್ಲಿ ಬರುತ್ತವೆ, ಹೆಚ್ಚಿನವು ಮಾಂಸಕ್ಕಾಗಿ. ಮರಳಿ ಹೋಗುವ ದಾರಿ ಇಲ್ಲವೆನ್ನುವಷ್ಟು ಕಡಿಮೆ. ಬಿ ಕವಲು ಅರೇಬಿಯಾದಲ್ಲೇ ಉಳಿದಿರುವುದಕ್ಕೆ ಈ ಒಮ್ಮುಖ ವ್ಯಾಪಾರವೂ ಕಾರಣ ಎಂದು ಸಂಶೋಧಕರು ಭಾವಿಸುತ್ತಾರೆ. ಅದು ಎಂದಾದರೂ ಆಫ್ರಿಕಾದ ಹಿಂಡುಗಳಿಗೆ ಸೇರಿದರೆ, ಲಕ್ಷಾಂತರ ಒಂಟೆಗಳಿಗೆ ಏಕಕಾಲಕ್ಕೆ ಹರಡಲು ಅವಕಾಶ. ಸಿ ಕವಲಿನ ಜೊತೆ ಕಸಿಯಾಗಲೂ ಅವಕಾಶ.

ಒಂಟೆಗೆ ಬರೀ ನೆಗಡಿ, ನಮಗೆ ನ್ಯುಮೋನಿಯಾ. ಏಕೆ ಹೀಗೆ?

ಬಾಗಿಲು ಇರುವ ಜಾಗ ಬೇರೆ. ಒಂಟೆಗೆ ಡಿಪಿಪಿ4 ಮೂಗಿನ ಒಳಪೊರೆಯಲ್ಲೇ ಧಾರಾಳವಾಗಿದೆ. ಮನುಷ್ಯನಿಗೆ ಅದು ಹೆಚ್ಚಾಗಿ ಇರುವುದು ಶ್ವಾಸಕೋಶದ ಆಳದಲ್ಲಿ. ಹಾಗಾಗಿ ಒಂಟೆಯ ಮೂಗು ಸೋರುತ್ತದೆ, ಸೀನಿದಾಗ ವೈರಾಣು ಸಿಡಿಯುತ್ತದೆ, ಕೆಲವೇ ದಿನಗಳಲ್ಲಿ ಅದು ಚೇತರಿಸಿಕೊಳ್ಳುತ್ತದೆ. ನಮ್ಮಲ್ಲಿ ವೈರಾಣು ಕೆಳಗಿಳಿದು ಕೂರುತ್ತದೆ. ಅದರಿಂದ ಕಾಯಿಲೆ ಘೋರವಾಗುತ್ತದೆ, ಆದರೆ ಇನ್ನೊಬ್ಬರಿಗೆ ಹರಡುವುದು ಸುಲಭವಾಗುವುದಿಲ್ಲ.

ಹಿಂಡಿನಲ್ಲಿ ಸೋಂಕು ಉಳಿಸಿಕೊಂಡು ಬರುವವು ಮರಿಗಳು. ತಾಯಿಯಿಂದ ಬಂದ ಪ್ರತಿಕಾಯ ಐದಾರು ತಿಂಗಳಲ್ಲಿ ಕರಗುತ್ತದೆ. ಚಳಿಗಾಲದಲ್ಲಿ ಹುಟ್ಟಿದ ಮರಿಗಳು ಒಟ್ಟಿಗೇ ರಕ್ಷಣೆ ಕಳೆದುಕೊಂಡು ಒಟ್ಟಿಗೇ ಸೋಂಕಿಗೆ ಸಿಗುತ್ತವೆ. ದೊಡ್ಡ ಒಂಟೆಗಳಲ್ಲಿ ಪ್ರತಿಕಾಯ ಇದ್ದರೂ ಮತ್ತೆ ಸೋಂಕಾಗುವುದುಂಟು.

ಮನುಷ್ಯರಲ್ಲಿ ಹರಡುತ್ತಾ ಹರಡುತ್ತಾ ವೈರಾಣು ನಮಗೆ ಹೊಂದಿಕೊಳ್ಳುತ್ತಿದೆಯೇ?

ಈವರೆಗಿನ ಸಾಕ್ಷ್ಯ ಹಾಗೆ ಹೇಳುವುದಿಲ್ಲ. 2018ರಲ್ಲಿ ಒಂಟೆ ಹಾಗೂ ಮನುಷ್ಯರಿಂದ ಸಿಕ್ಕ 274 ವಂಶವಾಹಿ ಬರಹಗಳನ್ನು ಒಟ್ಟಿಗೆ ಇಟ್ಟು ಮರ ಕಟ್ಟಿದ ಅಧ್ಯಯನವೊಂದು ಪ್ರಕಟವಾಯಿತು. ಆ ಮರದ ಕಾಂಡ, ಕೊಂಬೆ ಎಲ್ಲವೂ ಒಂಟೆಗಳದ್ದು. ಮನುಷ್ಯರ ಸೋಂಕುಗಳು ತುದಿಯಲ್ಲಿ ಚಿಗುರಿ ಅಲ್ಲೇ ಬಾಡುವ ಎಲೆಗಳು. ನೂರಾರು ಸಲ ವೈರಾಣು ಒಂಟೆಯಿಂದ ಮನುಷ್ಯನಿಗೆ ದಾಟಿದೆ, ಪ್ರತಿಸಲವೂ ಸರಪಳಿ ಕಡಿದಿದೆ. ಒಬ್ಬ ರೋಗಿಯಿಂದ ಸರಾಸರಿ ಒಬ್ಬರಿಗಿಂತ ಕಡಿಮೆ ಜನರಿಗೆ ಹರಡುವ ಕಾಯಿಲೆಗೆ ಇದೇ ಗತಿ.

ಸರಾಸರಿ ಹಾಗಿದ್ದರೂ ಕಿಕ್ಕಿರಿದ ಆಸ್ಪತ್ರೆಯಲ್ಲಿ ಲೆಕ್ಕ ತಪ್ಪುತ್ತದೆ. 2015ರ ಮೇ ತಿಂಗಳಲ್ಲಿ ಮಧ್ಯಪ್ರಾಚ್ಯದಿಂದ ಮರಳಿದ 68 ವರ್ಷದ ಒಬ್ಬ ಪ್ರಯಾಣಿಕನಿಂದ ಕೊರಿಯಾದಲ್ಲಿ ಒಟ್ಟು 186 ಜನರಿಗೆ ಸೋಂಕಾಗಿ 38 ಮಂದಿ ಸತ್ತರು, 16 ಸಾವಿರಕ್ಕೂ ಹೆಚ್ಚು ಜನ ಪ್ರತ್ಯೇಕವಾಸ ಅನುಭವಿಸಿದರು. ಆ ಹರಡುವಿಕೆಯ ನಡುವೆ ಮುಳ್ಳು ಪ್ರೋಟೀನಿನಲ್ಲಿ ಎರಡು ಬದಲಾವಣೆಗಳು ಕಾಣಿಸಿಕೊಂಡವು. ಕುತೂಹಲದ ಸಂಗತಿಯೆಂದರೆ, ಅವು ಮನುಷ್ಯನ ಡಿಪಿಪಿ4 ಮೇಲಿನ ಹಿಡಿತವನ್ನು ಬಿಗಿ ಮಾಡುವ ಬದಲು ಸಡಿಲ ಮಾಡಿದ್ದವು.

ಎರಡು ಡುಬ್ಬದ ಒಂಟೆಗಳಲ್ಲೂ ಇದೆಯೇ?

ಮಂಗೋಲಿಯಾದ ಎರಡು ಡುಬ್ಬದ ಒಂಟೆಗಳನ್ನು ಪರೀಕ್ಷಿಸಿದಾಗ ಸಿಕ್ಕಿಲ್ಲ. ಪ್ರಯೋಗದಲ್ಲಿ ಸೋಂಕು ತಗುಲಿಸಿದರೆ ಅವಕ್ಕೂ ತಗುಲುತ್ತದೆ. ಸದ್ಯಕ್ಕೆ ಅವುಗಳನ್ನು ಕಾಪಾಡಿರುವುದು ದೂರ.

ನಮಗೆ ಬರುವ ಸಾಮಾನ್ಯ ನೆಗಡಿಗೂ ಒಂಟೆಗೂ ಸಂಬಂಧ ಇದೆ ಎನ್ನುತ್ತಾರೆ, ನಿಜವೇ?

ನಿಜ ಇರುವ ಸಾಧ್ಯತೆ ಹೆಚ್ಚು. 229ಇ ಎಂಬ ಕೊರೊನಾ ವೈರಾಣು ಜಗತ್ತಿನಾದ್ಯಂತ ಜನರಿಗೆ ನೆಗಡಿ ತರುತ್ತದೆ. ಅದರ ಹತ್ತಿರದ ಸಂಬಂಧಿಗಳು ಆಫ್ರಿಕಾದ ಬಾವಲಿಗಳಲ್ಲಿವೆ, ಇನ್ನೂ ಹತ್ತಿರದವು ಒಂಟೆಗಳಲ್ಲಿವೆ. ಒಂಟೆಯ ವೈರಾಣುವಿನಲ್ಲಿ ಇಡಿಯಾಗಿರುವ ಒಂದು ವಂಶವಾಹಿ ನಮ್ಮದರಲ್ಲಿ ಚೂರಾಗಿ ಅಳಿದುಳಿದಿದೆ. ಹಿಂದೆಂದೋ ಒಂಟೆಯಿಂದ ದಾಟಿ ಬಂದ ಒಂದು ವೈರಾಣು ನಮ್ಮ ನಡುವೆಯೇ ನೆಲೆ ನಿಂತಿರಬಹುದು ಎನ್ನುವುದಕ್ಕೆ ಇದು ಸೂಚನೆ. ಮೆರ್ಸ್ ಇಂದು ನಿಂತಿರುವ ಹೊಸ್ತಿಲನ್ನು 229ಇ ಎಂದೋ ದಾಟಿತ್ತು.

ಭಾರತದ ಒಂಟೆಗಳ ಕಥೆ ಏನು?

2019ರ ಜಾನುವಾರು ಗಣತಿಯಂತೆ ದೇಶದಲ್ಲಿ ಸುಮಾರು 2.5 ಲಕ್ಷ ಒಂಟೆಗಳಿವೆ, ಬಹುಪಾಲು ರಾಜಸ್ಥಾನದಲ್ಲಿ. 2012ರಲ್ಲಿ 4 ಲಕ್ಷ ಇದ್ದವು. ನೆರೆಯ ಪಾಕಿಸ್ತಾನದ ಒಂಟೆಗಳಲ್ಲಿ ಮೆರ್ಸ್ ಪ್ರತಿಕಾಯಗಳು ವ್ಯಾಪಕವಾಗಿ ಸಿಕ್ಕಿವೆ. 2015ರಲ್ಲಿ ಬಾಂಗ್ಲಾದೇಶದಲ್ಲಿ ಪರೀಕ್ಷಿಸಿದ ಒಂಟೆಗಳಲ್ಲೂ ನೂರಕ್ಕೆ 31ರಷ್ಟರಲ್ಲಿ ಸಿಕ್ಕವು. ಥಾರ್ ಮರುಭೂಮಿಯ ಮರಳಿಗೆ ಗಡಿ ತಿಳಿಯುವುದಿಲ್ಲ. ಹೀಗಿರುವಾಗ ರಾಜಸ್ಥಾನ ಮತ್ತು ಕಚ್ಛ್‌ನ ಹಿಂಡುಗಳ ಮೂಗಿನ ಮಾದರಿಗಳನ್ನು ವರ್ಷವರ್ಷವೂ ಓದುವ ವ್ಯವಸ್ಥೆ ನಮಗೆ ಬೇಕು ಎಂದು ನಾನು ಬಲವಾಗಿ ನಂಬಿದ್ದೇನೆ. ಬಿಕಾನೇರ್‌ನಲ್ಲಿ ರಾಷ್ಟ್ರೀಯ ಒಂಟೆ ಸಂಶೋಧನಾ ಕೇಂದ್ರ ಇದೆ. ಒಂಟೆಗಳನ್ನು ಮಕ್ಕಳಂತೆ ನೋಡಿಕೊಳ್ಳುವ ರೈಕಾ ಸಮುದಾಯದವರಿದ್ದಾರೆ. ಅವರನ್ನು ಅನುಮಾನದಿಂದ ನೋಡದೆ ಜೊತೆಗೆ ಕರೆದುಕೊಂಡರೆ ಈ ಕೆಲಸ ಆಗುತ್ತದೆ.

ಹಾಗಾದರೆ ಒಂಟೆಗಳನ್ನೇ ಇಲ್ಲವಾಗಿಸಬಾರದೇಕೆ?

ಈ ಪ್ರಶ್ನೆ ಬಂದಾಗ ಸಂಕಟವಾಗುತ್ತದೆ. ನೀರು ಮೇವು ಕಡಿಮೆಯಿರುವ ನೆಲದಲ್ಲಿ ಹಾಲು, ಮಾಂಸ, ಸಾರಿಗೆ, ಮದುವೆಯ ಉಡುಗೊರೆ ಎಲ್ಲವೂ ಒಂಟೆಯೇ. ಬರ ಬಂದು ದನಗಳು ಸತ್ತ ಮೇಲೂ ಹಾಲು ಕೊಡುತ್ತಾ ಸೊಮಾಲಿಯಾದ ಮಕ್ಕಳನ್ನು ಬದುಕಿಸುವುದು ಅದು. ಒಂಟೆಗೇ ಲಸಿಕೆ ಹಾಕುವುದು ಇದಕ್ಕಿಂತ ಮೇಲಾದ ದಾರಿ. ಪ್ರಯೋಗದಲ್ಲಿ ಲಸಿಕೆ ಪಡೆದ ಒಂಟೆಗಳ ಮೂಗಿನಿಂದ ಹೊರಬೀಳುವ ವೈರಾಣು ಗಣನೀಯವಾಗಿ ತಗ್ಗಿದ್ದು 2016ರಲ್ಲೇ ವರದಿಯಾಗಿದೆ. ಆದರೆ ಕಾಯಿಲೆಯೇ ಅನ್ನಿಸದ ನೆಗಡಿಗೆ ದುಡ್ಡು ಕೊಟ್ಟು ಸೂಜಿ ಚುಚ್ಚಿಸಲು ಸಾಕುವವರು ಏಕೆ ಒಪ್ಪಬೇಕು? ಸರ್ಕಾರಗಳೇ ಖರ್ಚು ಹೊರಬೇಕಾದೀತು.

ಗಲ್ಫ್‌ನಲ್ಲಿ ಇರುವವರು, ಹಜ್‌ಗೆ ಹೋಗುವವರು ಏನು ಮಾಡಬೇಕು?

ಹಜ್ ಯಾತ್ರೆಯಿಂದ ಮೆರ್ಸ್ ದೊಡ್ಡದಾಗಿ ಹರಡಿದ ಉದಾಹರಣೆ ಇಲ್ಲ, ಗಾಬರಿ ಬೇಡ. ಸಕ್ಕರೆ ಕಾಯಿಲೆ, ಮೂತ್ರಪಿಂಡ ಅಥವಾ ಶ್ವಾಸಕೋಶದ ದೀರ್ಘಕಾಲದ ತೊಂದರೆ ಇರುವವರು ಒಂಟೆಗಳ ಹತ್ತಿರ ಹೋಗದಿರುವುದು ಒಳ್ಳೆಯದು. ಉಳಿದವರು ಒಂಟೆಯನ್ನು ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕು. ಮೂಗು ಸೋರುವ ಒಂಟೆಯ ಜೊತೆ ಮುಖಕ್ಕೆ ಮುಖ ತಾಗಿಸಿ ಫೋಟೊ ತೆಗೆಸಿಕೊಳ್ಳಬಾರದು. ಊರಿಗೆ ಮರಳಿದ 14 ದಿನಗಳೊಳಗೆ ಜ್ವರ, ಕೆಮ್ಮು, ಉಸಿರಾಟದ ತೊಂದರೆ ಬಂದರೆ ವೈದ್ಯರಿಗೆ ಎಲ್ಲಿಂದ ಬಂದಿರಿ ಎಂಬುದನ್ನು ಮೊದಲ ಮಾತಿನಲ್ಲೇ ಹೇಳಿ. ನರ್ಸ್‌ಗಳಿಗೆ ಒಂದು ಮಾತು: ಮೆರ್ಸ್‌ನ ದೊಡ್ಡ ಹರಡುವಿಕೆಗಳೆಲ್ಲ ಆಸ್ಪತ್ರೆಗಳಲ್ಲೇ ಆಗಿವೆ. ಕಾರಣ ತಿಳಿಯದ ನ್ಯುಮೋನಿಯಾ ರೋಗಿಯ ಬಳಿ ಮಾಸ್ಕ್, ಕೈಗವಸು ಬಿಟ್ಟು ಹೋಗಬೇಡಿ.

ಒಂಟೆ ಹಾಲು ಕುಡಿಯಬಹುದೇ?

ಕುಡಿಯಬಹುದು, ಕಾಯಿಸಿ. ಹಸಿ ಹಾಲಿನಲ್ಲಿ ವೈರಾಣು ಬದುಕಿರಬಲ್ಲದು, ಪಾಶ್ಚರೀಕರಣದ ಬಿಸಿಗೆ ಸಾಯುತ್ತದೆ. ಮಾಂಸ ಪೂರ್ತಿ ಬೆಂದಿರಬೇಕು. ಔಷಧವೆಂದು ಒಂಟೆ ಮೂತ್ರ ಕುಡಿಯುವ ರೂಢಿ ಕೆಲವೆಡೆ ಇದೆ, ಅದನ್ನು ಮಾಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ.